ಬರೀ ಮಾತಿನ ಕಾಲ್‌ಗೆ ಕ್ಯಾಮೆರಾ ಯಾಕೆ? ಕಂಪ್ಯೂಟರ್‌ನಲ್ಲಿ ಅದನ್ನು ಸರಿಯಾಗಿ ಬಂದ್ ಮಾಡುವ ಕ್ರಮ

ಗಂಗಾವತಿಯ ರೈಸ್ ಮಿಲ್ಲಿನವರು ಚೆನ್ನೈನ ಖರೀದಿದಾರರ ಜೊತೆ ದರ ಮಾತಾಡಬೇಕು. ಬಳ್ಳಾರಿಯ ಜೀನ್ಸ್ ಘಟಕದವರು ಮುಂಬೈಯ ಆರ್ಡರ್ ಖಾತ್ರಿ ಮಾಡಿಕೊಳ್ಳಬೇಕು. ಲಿಂಗಸುಗೂರಿನ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವವರು ಬೆಳಿಗ್ಗೆಯ ಮೀಟಿಂಗ್‌ಗೆ ಹಾಜರಿ ಹಾಕಬೇಕು. ಇದ್ಯಾವುದಕ್ಕೂ ಮುಖ ತೋರಿಸುವ ಜರೂರು ಇಲ್ಲ, ದನಿ ಸಾಕು. ಆದರೆ ಝೂಮ್, ಟೀಮ್ಸ್, ಮೀಟ್ ಮೂರೂ ಕಾಲ್‌ಗೆ ಸೇರುವ ಹೊತ್ತಿಗೆ ಕ್ಯಾಮೆರಾವನ್ನು ಕೈಗೆಟುಕುವ ಹಾಗೆ ತಂದಿಟ್ಟಿರುತ್ತವೆ. ಒಂದು ಬಟನ್ ತಪ್ಪಿ ಒತ್ತಿದರೆ ಮುಗಿಯಿತು: ಹಿಂದೆ ಒಣಗಲು ಹಾಕಿದ ಬಟ್ಟೆ, ಊಟಕ್ಕೆ ಕೂತ ಮಕ್ಕಳು, ಮೇ ತಿಂಗಳ ರಾಯಚೂರಿನ ಸೆಕೆಗೆ ಬನಿಯನ್‌ನಲ್ಲಿ ಕೂತ ನೀವು, ಎಲ್ಲವೂ ಹತ್ತು ಜನರ ಮುಂದೆ ಬಂದುಬಿಡುತ್ತದೆ.

ಕಾಲ್ ಒಳಗಿನ ಕ್ಯಾಮೆರಾ ಬಟನ್ ಒತ್ತಿ ಬಂದ್ ಮಾಡುವುದು ಎಲ್ಲರಿಗೂ ಗೊತ್ತು. ಅದು ಬಾಗಿಲನ್ನು ಮುಂದೆ ಎಳೆದುಕೊಂಡ ಹಾಗೆ, ಚಿಲಕ ಹಾಕಿದ ಹಾಗಲ್ಲ. ಮುಂದಿನ ಕಾಲ್‌ಗೆ, ಬೇರೆ ಆ್ಯಪ್‌ಗೆ, ಬ್ರೌಸರ್‌ನ ಮೂಲಕ ಬಂದ ಲಿಂಕಿಗೆ ಆ ಬಟನ್ನಿನ ಹಿಡಿತ ಇಲ್ಲ. ಚಿಲಕ ಹಾಕುವ ಜಾಗಗಳು ಬೇರೆ ಇವೆ. ಅವನ್ನು ಒಂದೊಂದಾಗಿ ನೋಡೋಣ.

ಮೊದಲು ಡೇಟಾ ಲೆಕ್ಕ

ಮನೆಗೆ ಫೈಬರ್ ಲೈನ್ ಇದ್ದವರಿಗೆ ಇದು ತಟ್ಟುವುದಿಲ್ಲ, ಕರೆಂಟ್ ಹೋಗುವವರೆಗೆ. ಶಕ್ತಿನಗರ, ಯರಮರಸ್, ಕುಡತಿನಿಯ ಉಷ್ಣ ವಿದ್ಯುತ್ ಸ್ಥಾವರಗಳು ನಮ್ಮ ಮಗ್ಗುಲಲ್ಲೇ ಇದ್ದರೂ ಕರೆಂಟ್ ಹೋಗುವುದು ನಮಗೇನೂ ಹೊಸದಲ್ಲ. ಲೈನ್ ಹೋದರೆ ರೂಟರ್ ಆರುತ್ತದೆ, ಲ್ಯಾಪ್‌ಟಾಪ್ ಬ್ಯಾಟರಿಗೆ ಬೀಳುತ್ತದೆ, ಕಾಲ್ ಫೋನಿನ ಹಾಟ್‌ಸ್ಪಾಟ್ ಮೇಲೆ ಬರುತ್ತದೆ. ಕ್ಯಾಮೆರಾ ಎಷ್ಟು ತಿನ್ನುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಝೂಮ್ ಕೊಡುವ ಅಂಕಿಗಳ ಪ್ರಕಾರ ಇಬ್ಬರೇ ಇರುವ ಕಾಲ್‌ನಲ್ಲಿ 720ಪಿ (ಎಚ್‌ಡಿ) ವಿಡಿಯೊಗೆ ಕಳಿಸಲು 1.2 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಪಡೆಯಲು 1.2 ಎಂಬಿಪಿಎಸ್ ಬೇಕು. ಬರೀ ದನಿಗೆ 60ರಿಂದ 80 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್) ಸಾಕು. ಇದನ್ನು ಗಂಟೆಗೆ ಇಳಿಸಿದರೆ ವಿಡಿಯೊಗೆ ಒಂದು ದಿಕ್ಕಿಗೆ ಸುಮಾರು 540 ಎಂಬಿ, ಎರಡೂ ದಿಕ್ಕು ಸೇರಿ ಒಂದು ಜಿಬಿ ದಾಟುತ್ತದೆ. ದನಿಗೆ ಒಂದು ದಿಕ್ಕಿಗೆ 27ರಿಂದ 36 ಎಂಬಿ ಮಾತ್ರ. ದಿನಕ್ಕೆ 1.5 ಜಿಬಿ ಪ್ಯಾಕ್ ಇದ್ದವರ ವಿಡಿಯೊ ಕಾಲ್ ಒಂದೂವರೆ ಗಂಟೆ ಬರುವುದೂ ಕಷ್ಟ. ಪ್ಯಾಕ್ ಮುಗಿದ ಮೇಲೆ ಬಹಳಷ್ಟು ಪ್ಲಾನ್‌ಗಳು ವೇಗವನ್ನು 64 ಕೆಬಿಪಿಎಸ್‌ಗೆ ಇಳಿಸುತ್ತವೆ. ಆ ವೇಗದಲ್ಲಿ ವಿಡಿಯೊ ಸತ್ತೇ ಹೋಗುತ್ತದೆ, ದನಿಯೂ ಕುಂಟುತ್ತದೆ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬರುವುದಿಲ್ಲ. ಮೊಬೈಲ್ ನೆಟ್‌ವರ್ಕ್‌ನಲ್ಲಿ ಡೌನ್‌ಲೋಡ್‌ಗಿಂತ ಅಪ್‌ಲೋಡ್ ಸಾಮಾನ್ಯವಾಗಿ ಸಣ್ಣದು. ನಿಮ್ಮ ದನಿ ಹೋಗುವುದೂ ಅಪ್‌ಲೋಡ್ ಮೇಲೆ, ನಿಮ್ಮ ಕ್ಯಾಮೆರಾದ ಚಿತ್ರ ಹೋಗುವುದೂ ಅದರ ಮೇಲೆ. “ನಿಮ್ಮ ಮಾತು ಕಟ್ ಕಟ್ ಆಗ್ತಾ ಇದೆ” ಎಂದು ಆಚೆಯವರು ಅಂದರೆ ಮೊದಲು ಆರಿಸಬೇಕಾದ್ದು ನಿಮ್ಮ ಕ್ಯಾಮೆರಾ. ಆದರೆ ನಿಮ್ಮ ಕ್ಯಾಮೆರಾ ಆರಿಸಿದ ಮಾತ್ರಕ್ಕೆ ಬರುವ ವಿಡಿಯೊ ನಿಲ್ಲುವುದಿಲ್ಲ. ಮೀಟಿಂಗ್‌ನಲ್ಲಿ ಉಳಿದವರು ಕ್ಯಾಮೆರಾ ಹಾಕಿ ಕೂತಿದ್ದರೆ ನಿಮ್ಮ ಪ್ಯಾಕ್ ಸುರಿಯುತ್ತಲೇ ಇರುತ್ತದೆ. ಝೂಮ್‌ನಲ್ಲಿ “ಮೋರ್” ಮೆನು ಒಳಗೆ “ಸ್ಟಾಪ್ ಇನ್‌ಕಮಿಂಗ್ ವಿಡಿಯೊ” ಇದೆ. ಟೀಮ್ಸ್‌ನಲ್ಲಿ ಅದೇ ಅರ್ಥದ “ಟರ್ನ್ ಆಫ್ ಇನ್‌ಕಮಿಂಗ್ ವಿಡಿಯೊ” ಆವೃತ್ತಿಗೆ ತಕ್ಕಂತೆ “ಮೋರ್” ಅಥವಾ “ವ್ಯೂ” ಮೆನುವಿನಲ್ಲಿ ಸಿಗುತ್ತದೆ. ಮೀಟ್‌ನಲ್ಲಿ ಸೆಟ್ಟಿಂಗ್ಸ್‌ನ ವಿಡಿಯೊ ಭಾಗಕ್ಕೆ ಹೋಗಿ ಪಡೆಯುವ ರೆಸಲ್ಯೂಶನ್ ಇಳಿಸಿ. ಮುಖಗಳು ಹೋದರೂ ಯಾರಾದರೂ ಸ್ಕ್ರೀನ್ ಶೇರ್ ಮಾಡಿದರೆ ಅದು ಕಾಣುತ್ತದೆ, ಕೆಲಸ ನಿಲ್ಲುವುದಿಲ್ಲ.

ಬಿಸಿಲಿನ ಊರಿಗೆ ಇನ್ನೊಂದು ಲಾಭವೂ ಇದೆ. ಚಿತ್ರವನ್ನು ಕ್ಷಣಕ್ಷಣಕ್ಕೂ ಕುಗ್ಗಿಸಿ ಕಳಿಸುವ ಕೆಲಸ ಪ್ರೊಸೆಸರ್‌ನದು. ಹಿನ್ನೆಲೆ ಮಸುಕು ಮಾಡುವ ಎಫೆಕ್ಟ್ ಹಾಕಿದ್ದರೆ ಆ ಭಾರ ಇನ್ನೂ ಹೆಚ್ಚು. ಹೊರಗೆ 42 ಡಿಗ್ರಿ ಇರುವಾಗ ಲ್ಯಾಪ್‌ಟಾಪ್ ಫ್ಯಾನ್ ಭೋರ್ಗರೆಯುತ್ತದೆ, ಒಳಗಿನ ಮೈಕ್ ಆ ಸದ್ದನ್ನೂ ಎತ್ತಿಕೊಳ್ಳುತ್ತದೆ. ಕ್ಯಾಮೆರಾ ಆರಿಸಿದರೆ ಫ್ಯಾನ್ ತಗ್ಗುತ್ತದೆ, ದನಿ ತಿಳಿಯಾಗುತ್ತದೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ.

ಆ್ಯಪ್‌ನಲ್ಲೇ ಶಾಶ್ವತವಾಗಿ ಆರಿಸಿಡುವುದು

ಝೂಮ್‌ನಲ್ಲಿ ಹೀಗೆ:

1. ಬಲ ಮೇಲ್ತುದಿಯ ಪ್ರೊಫೈಲ್ ಚಿತ್ರ ಒತ್ತಿ “ಸೆಟ್ಟಿಂಗ್ಸ್” ತೆರೆಯಿರಿ.
2. ಎಡಗಡೆ “ವಿಡಿಯೊ” ಎಂಬ ಭಾಗಕ್ಕೆ ಹೋಗಿ. ಹೋದ ತಕ್ಷಣ ಕ್ಯಾಮೆರಾದ ದೀಪ ಹತ್ತಿಕೊಂಡರೆ ಗಾಬರಿ ಬೇಡ. ಈ ಪುಟ ನಿಮ್ಮ ಚಿತ್ರದ ಮಾದರಿ ತೋರಿಸಲು ಕ್ಯಾಮೆರಾ ಬಳಸುತ್ತದೆ, ಅದು ಯಾರಿಗೂ ಹೋಗುವುದಿಲ್ಲ. ಕಿಟಕಿ ಮುಚ್ಚಿದರೆ ದೀಪ ಆರುತ್ತದೆ.
3. ಮೀಟಿಂಗ್‌ಗೆ ಸೇರುವಾಗ ನನ್ನ ವಿಡಿಯೊ ನಿಲ್ಲಿಸು ಎಂಬರ್ಥದ ಸಾಲಿಗೆ ಟಿಕ್ ಹಾಕಿ. ಹಳೆಯ ಆವೃತ್ತಿಯಲ್ಲಿ ಈ ಸಾಲು “ಟರ್ನ್ ಆಫ್ ಮೈ ವಿಡಿಯೊ” ಎಂದೂ ಹೊಸದರಲ್ಲಿ “ಸ್ಟಾಪ್ ಮೈ ವಿಡಿಯೊ” ಎಂದೂ ಶುರುವಾಗುತ್ತದೆ.
4. ಸೇರುವಾಗ ಸದಾ ವಿಡಿಯೊ ಪ್ರಿವ್ಯೂ ತೋರಿಸು ಎಂಬ ಸಾಲಿನ ಟಿಕ್ ತೆಗೆಯಿರಿ. ಇಲ್ಲದಿದ್ದರೆ ಪ್ರಿವ್ಯೂಗಾಗಿಯೇ ಕ್ಯಾಮೆರಾ ಎದ್ದು ಕೂರುತ್ತದೆ.

ಮೀಟಿಂಗ್ ಕರೆಯುವವರು ನೀವೇ ಆದರೆ ಇನ್ನೊಂದು ಕೆಲಸ ಉಂಟು. ಮುಖಪುಟದ “ನ್ಯೂ ಮೀಟಿಂಗ್” ಪಕ್ಕದ ಸಣ್ಣ ಬಾಣ ಒತ್ತಿ “ಸ್ಟಾರ್ಟ್ ವಿತ್ ವಿಡಿಯೊ” ಟಿಕ್ ತೆಗೆಯಿರಿ. ಮುಂಚಿತವಾಗಿ ಶೆಡ್ಯೂಲ್ ಮಾಡುವಾಗ ಹೋಸ್ಟ್ ಮತ್ತು ಪಾರ್ಟಿಸಿಪೆಂಟ್ಸ್ ಎರಡರ ವಿಡಿಯೊವನ್ನೂ “ಆಫ್” ಇಡಿ. ಆಗ ಸೇರುವ ಎಲ್ಲರೂ ಕ್ಯಾಮೆರಾ ಆರಿದ ಸ್ಥಿತಿಯಲ್ಲೇ ಒಳಗೆ ಬರುತ್ತಾರೆ. ಶಿಕ್ಷಕರ ತರಬೇತಿಗೋ ಸ್ವಸಹಾಯ ಸಂಘದ ಸಭೆಗೋ ಲಿಂಕ್ ಕಳಿಸುವವರು ಇಷ್ಟು ಮಾಡಿದರೆ ಎಷ್ಟೋ ಮನೆಗಳ ಮುಜುಗರ ತಪ್ಪುತ್ತದೆ.

ಸೇರುವಾಗ ಆರಿಸಿಡುವುದಕ್ಕೆ ಇಷ್ಟು ಒತ್ತು ಕೊಡಲು ಕಾರಣ ಇದೆ. 2019ರ ಜುಲೈನಲ್ಲಿ ಮ್ಯಾಕ್ ಕಂಪ್ಯೂಟರ್‌ಗಳ ಝೂಮ್‌ನಲ್ಲಿ ಒಂದು ದೋಷ ಬಯಲಿಗೆ ಬಂತು. ಯಾವುದೋ ಒಂದು ವೆಬ್ ಪುಟ ತೆರೆದರೆ ಸಾಕು, ಬಳಕೆದಾರರನ್ನು ಕೇಳದೆಯೇ ಅವರನ್ನು ಕಾಲ್‌ಗೆ ಎಳೆದುಹಾಕಿ ಕ್ಯಾಮೆರಾ ಹಾಕಿಬಿಡಬಹುದಿತ್ತು. ಝೂಮ್ ಅದನ್ನು ಸರಿಪಡಿಸಿತು, ಆಪಲ್ ಕೂಡ ತನ್ನ ಕಡೆಯಿಂದ ಅಪ್‌ಡೇಟ್ ಕಳಿಸಿತು. ಆದರೆ ಅಂದು ಸೇರುವಾಗ ವಿಡಿಯೊ ಆಫ್ ಎಂದು ಟಿಕ್ ಹಾಕಿಟ್ಟವರ ಕ್ಯಾಮೆರಾ ಹತ್ತುತ್ತಿರಲಿಲ್ಲ.

ಟೀಮ್ಸ್‌ನಲ್ಲಿ ನೇರ ಕಾಲ್ ಮಾಡುವಾಗ ಫೋನ್ ಚಿತ್ರ ಒತ್ತಿ, ಕ್ಯಾಮೆರಾ ಚಿತ್ರ ಅಲ್ಲ. ಕಾಲ್ ಬಂದಾಗಲೂ ಎತ್ತಲು ಎರಡು ಬಟನ್ ಇರುತ್ತವೆ, ಫೋನ್ ಚಿತ್ರದ್ದು ದನಿಗೆ ಮಾತ್ರ. ಮೀಟಿಂಗ್‌ಗೆ ಸೇರುವ ಮುನ್ನದ ಪರದೆಯಲ್ಲಿ ಕ್ಯಾಮೆರಾ ಸ್ವಿಚ್ ಎತ್ತ ಇದೆ ಎಂದು ನೋಡಿಯೇ “ಜಾಯ್ನ್ ನೌ” ಒತ್ತಿ. ಮೀಟ್‌ನಲ್ಲೂ ಅಷ್ಟೇ: “ಜಾಯ್ನ್” ಬಟನ್ನಿಗೆ ಮುಂಚಿನ ಪರದೆಯಲ್ಲಿ ಕ್ಯಾಮೆರಾ ಗುರುತು ಕೆಂಪಾಗಿ ಅಡ್ಡಗೆರೆ ಬಂದಿರಬೇಕು. ವಾಟ್ಸ್ಆ್ಯಪ್ ಡೆಸ್ಕ್‌ಟಾಪ್‌ನಲ್ಲಿ ವಾಯ್ಸ್ ಕಾಲ್ ನಡುವೆ ಆಚೆಯವರು ವಿಡಿಯೊಗೆ ಬದಲಿಸಲು ಕೇಳಬಹುದು. ನೀವು ಒಪ್ಪಿದರೆ ಮಾತ್ರ ಕ್ಯಾಮೆರಾ ಹತ್ತುತ್ತದೆ, ಅವಸರದಲ್ಲಿ ಒಪ್ಪಿಗೆ ಒತ್ತಬೇಡಿ.

ಕಾಲ್ ನಡುವೆ ಕೈಗೆ ಬರಬೇಕಾದ ವಿಂಡೋಸ್ ಶಾರ್ಟ್‌ಕಟ್‌ಗಳು ಇವು. ಝೂಮ್: ಆಲ್ಟ್ + ವಿ. ಟೀಮ್ಸ್: ಕಂಟ್ರೋಲ್ + ಶಿಫ್ಟ್ + ಓ. ಮೀಟ್: ಕಂಟ್ರೋಲ್ + ಇ. ಮೂರೂ ಒತ್ತಿದರೆ ಆನ್, ಮತ್ತೆ ಒತ್ತಿದರೆ ಆಫ್. ಅಂದರೆ ಆಗಲೇ ಆಫ್ ಇರುವಾಗ “ಇರಲಿ, ಇನ್ನೊಮ್ಮೆ” ಎಂದು ಒತ್ತಿದರೆ ಕ್ಯಾಮೆರಾ ಹತ್ತುತ್ತದೆ! ಮುಜುಗರದ ಪ್ರಸಂಗಗಳಲ್ಲಿ ಇಂಥವೂ ಸಾಕಷ್ಟು ಇರುತ್ತವೆ.

ಝೂಮ್‌ನಲ್ಲಿ ಹೋಸ್ಟ್ ನಿಮ್ಮ ವಿಡಿಯೊ ನಿಲ್ಲಿಸಬಹುದು. ಶುರು ಮಾಡಬೇಕಾದರೆ ನಿಮಗೆ ಕೋರಿಕೆ ಕಳಿಸಬೇಕು, ನೀವು ಒಪ್ಪಬೇಕು.

ಬ್ರೌಸರ್ ಮೂಲಕ ಸೇರುವವರಿಗೆ

ಆ್ಯಪ್ ಹಾಕಿಕೊಳ್ಳದೆ ಲಿಂಕ್ ಒತ್ತಿ ಕ್ರೋಮ್‌ನಲ್ಲೇ ಮೀಟ್‌ಗೆ ಸೇರುವವರು ಬಹಳ. ಇಲ್ಲಿ ಬೀಳುವ ಗುಂಡಿ ಒಂದೇ. ಮೊದಲ ಸಲ ಬ್ರೌಸರ್ ಮೈಕ್ ಮತ್ತು ಕ್ಯಾಮೆರಾ ಎರಡಕ್ಕೂ ಅನುಮತಿ ಕೇಳುತ್ತದೆ. ಕ್ಯಾಮೆರಾ ಬೇಡ ಎಂದು ಕೋಪದಿಂದ ಎಲ್ಲಕ್ಕೂ “ಬ್ಲಾಕ್” ಒತ್ತಿದರೆ ಮೈಕ್ ಕೂಡ ಹೋಗುತ್ತದೆ. ಆಮೇಲೆ ನೀವು ಎಷ್ಟು ಹಲೋ ಅಂದರೂ ಆಚೆ ಮೌನ.

ಸರಿಪಡಿಸಲು: ವಿಳಾಸ ಪಟ್ಟಿಯ ಎಡತುದಿಯ ಸಣ್ಣ ಗುರುತು ಒತ್ತಿ. ಅಲ್ಲಿ ಮೈಕ್ ಮತ್ತು ಕ್ಯಾಮೆರಾಕ್ಕೆ ಬೇರೆ ಬೇರೆ ಸ್ವಿಚ್‌ಗಳಿವೆ. ಕಾಣದಿದ್ದರೆ “ಸೈಟ್ ಸೆಟ್ಟಿಂಗ್ಸ್” ಒಳಗೆ ಸಿಗುತ್ತವೆ. ಮೈಕ್ ಅನುಮತಿಸಿ, ಕ್ಯಾಮೆರಾ ತಡೆಯಿರಿ, ಪುಟವನ್ನು ರೀಲೋಡ್ ಮಾಡಿ. ರೀಲೋಡ್ ಮಾಡದೆ ಬದಲಾವಣೆ ಹತ್ತುವುದಿಲ್ಲ.

ಯಾವ ಸೈಟಿಗೂ ಕ್ಯಾಮೆರಾ ಬೇಡ ಎಂದಾದರೆ ಕ್ರೋಮ್‌ನ ಮೂರು ಚುಕ್ಕಿ → ಸೆಟ್ಟಿಂಗ್ಸ್ → ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ → ಸೈಟ್ ಸೆಟ್ಟಿಂಗ್ಸ್ → ಕ್ಯಾಮೆರಾ ಎಂದು ಹೋಗಿ, ಸೈಟುಗಳಿಗೆ ಕ್ಯಾಮೆರಾ ಬಳಸಲು ಬಿಡಬೇಡ ಎಂಬ ಆಯ್ಕೆ ಒತ್ತಿ. ಅದೇ ಪುಟದ ಕೆಳಗೆ ಈ ಹಿಂದೆ ಅನುಮತಿ ಕೊಟ್ಟ ಸೈಟುಗಳ ಪಟ್ಟಿ ಇರುತ್ತದೆ. ಯಾವ ಕಾಲದಲ್ಲೋ ಒಪ್ಪಿದ ಹಳೆಯ ಹೆಸರುಗಳು ಅಲ್ಲಿ ಉಳಿದಿರಬಹುದು, ಅಳಿಸಿಬಿಡಿ. ಫೈರ್‌ಫಾಕ್ಸ್‌ನಲ್ಲಿ ಸೆಟ್ಟಿಂಗ್ಸ್ → ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ → ಪರ್ಮಿಷನ್ಸ್ ಭಾಗದಲ್ಲಿ ಕ್ಯಾಮೆರಾ ಮುಂದಿನ ಬಟನ್ ಒತ್ತಿದರೆ ಹೊಸ ಕೋರಿಕೆಗಳನ್ನು ತಡೆಯುವ ಟಿಕ್ ಸಿಗುತ್ತದೆ.

ವಿಂಡೋಸ್‌ನಲ್ಲಿ ಬಂದ್ ಮಾಡುವುದು

ವಿಂಡೋಸ್ ಕೀ + ಐ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ. ವಿಂಡೋಸ್ 11ರಲ್ಲಿ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ → ಕ್ಯಾಮೆರಾ. ವಿಂಡೋಸ್ 10ರಲ್ಲಿ ಪ್ರೈವೆಸಿ → ಕ್ಯಾಮೆರಾ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದ್ದರೂ ಆಫೀಸು, ಅಂಗಡಿಗಳಲ್ಲಿ ಅದು ಇನ್ನೂ ಓಡುತ್ತಿದೆ.

ಈ ಪುಟದಲ್ಲಿ ಮೂರು ಹಂತದ ಸ್ವಿಚ್‌ಗಳಿವೆ, ಅವುಗಳ ವ್ಯತ್ಯಾಸ ತಿಳಿದಿರಬೇಕು.

ಎಲ್ಲಕ್ಕಿಂತ ಮೇಲಿನದು “ಕ್ಯಾಮೆರಾ ಆ್ಯಕ್ಸೆಸ್”. ಇದು ಇಡೀ ಕಂಪ್ಯೂಟರ್‌ಗೆ, ಅದನ್ನು ಬಳಸುವ ಎಲ್ಲ ಅಕೌಂಟ್‌ಗಳಿಗೆ ಅನ್ವಯ. ಇದನ್ನು ಬದಲಿಸಲು ಅಡ್ಮಿನ್ ಹಕ್ಕು ಬೇಕು. ಆಫೀಸಿನ ಕಂಪ್ಯೂಟರ್‌ನಲ್ಲಿ ಸ್ವಿಚ್ ಬೂದಿ ಬಣ್ಣಕ್ಕೆ ತಿರುಗಿ ಅಲುಗದೆ ಕೂತಿದ್ದರೆ ಅದನ್ನು ನಿಮ್ಮ ಐಟಿ ವಿಭಾಗ ಹಿಡಿದಿಟ್ಟಿದೆ ಎಂದರ್ಥ. ಗುದ್ದಾಡಿ ಫಲವಿಲ್ಲ, ಮುಂದೆ ಹೇಳುವ ಮುಚ್ಚಳದ ದಾರಿ ಹಿಡಿಯಿರಿ.

ಎರಡನೆಯದು ನಿಮ್ಮ ಅಕೌಂಟಿನ ಆ್ಯಪ್‌ಗಳಿಗೆ ಕ್ಯಾಮೆರಾ ಬಿಡುವ ಸ್ವಿಚ್. ಅದರ ಕೆಳಗೆ ಒಂದೊಂದು ಆ್ಯಪ್‌ಗೂ ಪ್ರತ್ಯೇಕ ಸ್ವಿಚ್ ಇರುವ ಪಟ್ಟಿ. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬಂದ ವಾಟ್ಸ್ಆ್ಯಪ್‌ನಂಥವು ಇಲ್ಲಿ ಹೆಸರು ಹೆಸರಾಗಿ ಸಿಗುತ್ತವೆ.

ಪುಟದ ಕೆಳಭಾಗದಲ್ಲಿರುವುದು “ಲೆಟ್ ಡೆಸ್ಕ್‌ಟಾಪ್ ಆ್ಯಪ್ಸ್ ಆ್ಯಕ್ಸೆಸ್ ಯುವರ್ ಕ್ಯಾಮೆರಾ”. ವೆಬ್‌ಸೈಟಿನಿಂದ ಇಳಿಸಿಕೊಂಡು ಹಾಕಿದ ಝೂಮ್, ಕ್ರೋಮ್, ಫೈರ್‌ಫಾಕ್ಸ್ ಎಲ್ಲವೂ ಈ ಒಂದೇ ಸ್ವಿಚ್ಚಿನ ಕೆಳಗೆ ಬರುತ್ತವೆ. ಕ್ರೋಮ್‌ಗೆ ಬೇಕು, ಝೂಮ್‌ಗೆ ಬೇಡ ಎಂದು ಬಿಡಿಸಿ ಹೇಳಲು ಇಲ್ಲಿ ಆಗದು. ಬಹಳ ಜನ ಮೇಲಿನ ಪಟ್ಟಿಯಲ್ಲಿ ಝೂಮ್ ಹುಡುಕಿ, ಸಿಗದೆ, “ನಮ್ಮಲ್ಲಿ ಆಗಲೇ ಬಂದ್ ಇದೆ” ಎಂದು ಸುಮ್ಮನಾಗುತ್ತಾರೆ. ಅದು ಕೆಳಗೆ ಆನ್ ಇರುತ್ತದೆ. ಪುಟವನ್ನು ಕೊನೆಯವರೆಗೆ ಇಳಿಸಿ ನೋಡಿ. ಯಾವ ಪ್ರೋಗ್ರಾಂ ಕ್ಯಾಮೆರಾವನ್ನು ಕೊನೆಗೆ ಯಾವಾಗ ಬಳಸಿತು ಎಂಬ ದಿನಾಂಕ, ಹೊತ್ತು ಕೂಡ ಇಲ್ಲಿ ಕಾಣುತ್ತವೆ. ನೀವು ಕಾಲ್ ಮಾಡದ ಹೊತ್ತಿನಲ್ಲಿ ಯಾವುದೋ ಅಪರಿಚಿತ ಹೆಸರು ಬಳಸಿದ್ದು ಕಂಡರೆ ಮೊದಲು ಅದನ್ನು ವಿಚಾರಿಸಿ.

ಇಷ್ಟೆಲ್ಲ ಮಾಡಿದರೂ ಒಂದು ಕಿಂಡಿ ಉಳಿಯುತ್ತದೆ. ತನ್ನದೇ ಡ್ರೈವರ್ (ಸಾಧನವನ್ನು ನಡೆಸುವ ಸಾಫ್ಟ್‌ವೇರ್) ಜೊತೆಗೆ ಹಾಕಿಕೊಂಡ ಡೆಸ್ಕ್‌ಟಾಪ್ ಪ್ರೋಗ್ರಾಂ ಈ ಸ್ವಿಚ್ಚನ್ನು ದಾಟಿ ಕ್ಯಾಮೆರಾ ಮುಟ್ಟಬಹುದು ಎಂದು ಮೈಕ್ರೋಸಾಫ್ಟೇ ಎಚ್ಚರಿಸುತ್ತದೆ. ಮೈಕ್ ಸೆಟ್ಟಿಂಗ್ಸ್ ಪ್ರತ್ಯೇಕ ಪುಟದಲ್ಲಿದೆ, ಕ್ಯಾಮೆರಾ ಪುಟದಲ್ಲಿ ಏನು ಮಾಡಿದರೂ ಮೈಕ್‌ಗೆ ತೊಂದರೆ ಇಲ್ಲ.

ಸಾಧನವನ್ನೇ ಮಲಗಿಸುವುದು

ಕ್ಯಾಮೆರಾ ತಿಂಗಳುಗಟ್ಟಲೆ ಬೇಡವೇ ಬೇಡ ಎನ್ನುವವರಿಗೆ ಇದು ಒಳ್ಳೆಯ ದಾರಿ. ವಿಂಡೋಸ್ ಕೀ + ಎಕ್ಸ್ ಒತ್ತಿ “ಡಿವೈಸ್ ಮ್ಯಾನೇಜರ್” ಆರಿಸಿ. “ಕ್ಯಾಮೆರಾಸ್” ಎಂಬ ಸಾಲು ಬಿಡಿಸಿ. ಹಳೆಯ ಯಂತ್ರಗಳಲ್ಲಿ ಇದು “ಇಮೇಜಿಂಗ್ ಡಿವೈಸಸ್” ಒಳಗೆ ಇರುತ್ತದೆ. ಕ್ಯಾಮೆರಾ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ “ಡಿಸೇಬಲ್ ಡಿವೈಸ್” ಒತ್ತಿ. ಗುರುತಿನ ಮೇಲೆ ಕೆಳಮುಖದ ಸಣ್ಣ ಬಾಣ ಬಂದರೆ ಮಲಗಿತು ಎಂದರ್ಥ. ವಿಂಡೋಸ್ 11ರಲ್ಲಿ ಇದನ್ನೇ ಸೆಟ್ಟಿಂಗ್ಸ್ → ಬ್ಲೂಟೂತ್ ಆ್ಯಂಡ್ ಡಿವೈಸಸ್ → ಕ್ಯಾಮೆರಾಸ್ ಮೂಲಕವೂ ಮಾಡಬಹುದು.

“ಅನ್‌ಇನ್‌ಸ್ಟಾಲ್” ಒತ್ತಬೇಡಿ. ಅದು ಹೆಚ್ಚು ಭದ್ರ ಎನ್ನಿಸುತ್ತದೆ, ಆಗುವುದು ಉಲ್ಟಾ. ಕಂಪ್ಯೂಟರ್ ಮತ್ತೆ ಶುರುವಾದಾಗ ವಿಂಡೋಸ್ ಕ್ಯಾಮೆರಾವನ್ನು ಹೊಸದಾಗಿ ಕಂಡುಹಿಡಿದು ತನ್ನಲ್ಲಿರುವ ಡ್ರೈವರ್ ಹಾಕಿ ಎಬ್ಬಿಸಿಬಿಡುತ್ತದೆ.

ಮುಖ ನೋಡಿ ಲಾಗಿನ್ ಆಗುವ ವ್ಯವಸ್ಥೆ ಇದ್ದ ಲ್ಯಾಪ್‌ಟಾಪ್‌ಗಳಲ್ಲಿ ಎರಡು ಹೆಸರು ಕಾಣುತ್ತವೆ: ಸಾಮಾನ್ಯ ಕ್ಯಾಮೆರಾ, ಇನ್ನೊಂದು ಐಆರ್ (ಇನ್‌ಫ್ರಾರೆಡ್) ಕ್ಯಾಮೆರಾ. ಇವನ್ನು ಮಲಗಿಸಿದರೆ ಮುಖದ ಲಾಗಿನ್ ನಿಲ್ಲುತ್ತದೆ. ಪಿನ್ ನೆನಪಿದೆಯೇ ಎಂದು ಖಾತ್ರಿ ಮಾಡಿಕೊಂಡ ಮೇಲೆ ಕೈ ಹಾಕಿ.

ಇದಕ್ಕಿಂತಲೂ ಕೆಳಗೆ ಬಯಾಸ್ ಇದೆ, ಅಂದರೆ ವಿಂಡೋಸ್ ಏಳುವ ಮುನ್ನವೇ ಓಡುವ ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ಸ್. ಆಫೀಸು ಬಳಕೆಯ ಡೆಲ್, ಎಚ್‌ಪಿ, ಲೆನೊವೊ ಥಿಂಕ್‌ಪ್ಯಾಡ್ ಮಾದರಿಗಳಲ್ಲಿ ಕ್ಯಾಮೆರಾವನ್ನು ಅಲ್ಲೇ ಬಂದ್ ಮಾಡುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಡೆಲ್‌ನಲ್ಲಿ ಆನ್ ಮಾಡುವಾಗ ಎಫ್2, ಎಚ್‌ಪಿಯಲ್ಲಿ ಎಫ್10, ಥಿಂಕ್‌ಪ್ಯಾಡ್‌ನಲ್ಲಿ ಎಫ್1 ಒತ್ತಿದರೆ ಬಯಾಸ್ ತೆರೆಯುತ್ತದೆ. ಅಲ್ಲಿ ಬಂದ್ ಮಾಡಿದರೆ ವಿಂಡೋಸ್‌ಗೆ ಕ್ಯಾಮೆರಾ ಇರುವುದೇ ಗೊತ್ತಾಗುವುದಿಲ್ಲ. ಮನೆ ಬಳಕೆಗೆ ಇಷ್ಟು ದೂರ ಹೋಗುವ ಅಗತ್ಯ ನಮಗೆ ಕಾಣುವುದಿಲ್ಲ. ನಾಳೆ ಆನ್‌ಲೈನ್ ಪರೀಕ್ಷೆಗೆ ಕ್ಯಾಮೆರಾ ಬೇಕಾದಾಗ ಎಲ್ಲಿ ಬಂದ್ ಮಾಡಿದ್ದೆವು ಎಂದು ಮನೆಮಂದಿಯೆಲ್ಲ ಹುಡುಕಬೇಕಾಗುತ್ತದೆ.

ಮ್ಯಾಕ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್ → ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿ → ಕ್ಯಾಮೆರಾ ಎಂದು ಹೋದರೆ ಪ್ರತಿ ಆ್ಯಪ್‌ಗೂ ಬೇರೆ ಸ್ವಿಚ್ ಇದೆ, ಝೂಮ್, ಕ್ರೋಮ್ ಕೂಡ ಬಿಡಿಬಿಡಿಯಾಗಿ. ಈ ವಿಷಯದಲ್ಲಿ ಮ್ಯಾಕ್ ವಿಂಡೋಸ್‌ಗಿಂತ ನೇರ.

ಮುಚ್ಚಳ: ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಖಾತ್ರಿ

ಕ್ಯಾಮೆರಾ ಪಕ್ಕದ ದೀಪ ಆರಿದೆ ಎಂದರೆ ಕ್ಯಾಮೆರಾ ಆರಿದೆ ಎಂದು ನಂಬುವುದು ವಾಡಿಕೆ. ಈಗಿನ ಹೆಚ್ಚಿನ ಯಂತ್ರಗಳಲ್ಲಿ ಅದು ನಿಜ. ಆದರೆ 2013ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2008ರ ಸುಮಾರಿನ ಆಪಲ್ ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಮೆರಾದ ಒಳಗಿನ ಫರ್ಮ್‌ವೇರ್ (ಸಾಧನದಲ್ಲೇ ಅಡಕವಾದ ಸಾಫ್ಟ್‌ವೇರ್) ಬದಲಿಸಿ, ದೀಪ ಹತ್ತದಂತೆಯೇ ಚಿತ್ರ ತೆಗೆದು ತೋರಿಸಿದರು. ಫೇಸ್‌ಬುಕ್‌ನ ಮಾರ್ಕ್ ಝಕರ್‌ಬರ್ಗ್ 2016ರಲ್ಲಿ ಹಾಕಿದ ಒಂದು ಫೋಟೊದಲ್ಲಿ ಹಿಂದಿನ ಮೇಜಿನ ಲ್ಯಾಪ್‌ಟಾಪ್ ಕ್ಯಾಮೆರಾಕ್ಕೆ ಟೇಪ್ ಅಂಟಿಸಿದ್ದು ಕಂಡು ಸುದ್ದಿಯಾಗಿತ್ತು. ಲೆನ್ಸ್ ಮುಚ್ಚಿದರೆ ಯಾವ ಸಾಫ್ಟ್‌ವೇರ್ ಏನು ಮಾಡಿದರೂ ಸಿಗುವುದು ಕತ್ತಲೆ.

ಮೊದಲು ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಶಟರ್ ಇದೆಯೇ ನೋಡಿ. ಲೆನ್ಸ್ ಮೇಲೆ ಉಗುರಿನಿಂದ ಸರಿಸುವ ಸಣ್ಣ ಪಟ್ಟಿ ಇರಬಹುದು, ಪಕ್ಕದಲ್ಲಿ ಸ್ವಿಚ್ ಇರಬಹುದು, ಮೇಲಿನ ಎಫ್ ಕೀಗಳ ಸಾಲಿನಲ್ಲಿ ಅಡ್ಡಗೆರೆಯ ಕ್ಯಾಮೆರಾ ಚಿತ್ರದ ಕೀ ಇರಬಹುದು. “ಕ್ಯಾಮೆರಾ ಕೆಟ್ಟಿದೆ” ಎಂದು ರಿಪೇರಿಗೆ ಒಯ್ದವುಗಳಲ್ಲಿ ಕೆಲವಕ್ಕೆ ಈ ಕೀ ಒತ್ತಿಹೋದದ್ದೇ ರೋಗ.

ಶಟರ್ ಇಲ್ಲದಿದ್ದರೆ ಮನೆಯಲ್ಲೇ ಮದ್ದಿದೆ: ಟಿಕಳಿ. ಕನ್ನಡಿಗೆ ಅಂಟಿಸಿಟ್ಟ ಟಿಕಳಿಯಲ್ಲಿ 8ರಿಂದ 10 ಮಿಲಿಮೀಟರ್ ಅಗಲದ, ಗಾಢ ಬಣ್ಣದ, ಹರಳಿಲ್ಲದ ಒಂದನ್ನು ಆರಿಸಿ. ಅಂಟಿಸುವಾಗ ನಾಲ್ಕು ಎಚ್ಚರ ಬೇಕು.

ಒಂದು, ಲೆನ್ಸ್ ಮಾತ್ರ ಮುಚ್ಚಿ, ಪಕ್ಕದ ದೀಪ ಬಿಡಿ. ದೀಪ ಕಾಣುತ್ತಿದ್ದರೆ ಯಾವುದೋ ಪ್ರೋಗ್ರಾಂ ಕ್ಯಾಮೆರಾ ಎಬ್ಬಿಸಿದ್ದು ನಿಮಗೆ ತಿಳಿಯುತ್ತದೆ.

ಎರಡು, ಪರದೆಯ ಮೇಲಂಚಿನಲ್ಲಿ ಕ್ಯಾಮೆರಾದ ಎಡಬಲಕ್ಕೆ ಸೂಜಿಮೊನೆಯಂಥ ತೂತುಗಳಿದ್ದರೆ ಅವು ಮೈಕ್. ಉದ್ದ ಟೇಪ್ ಹಚ್ಚಿ ಅವನ್ನೂ ಮುಚ್ಚಿದರೆ ನಿಮ್ಮ ದನಿ ಬಾವಿಯೊಳಗಿಂದ ಬಂದಂತೆ ಕೇಳುತ್ತದೆ. ಬರೀ ದನಿಯ ಕಾಲ್‌ಗೆ ಇದಕ್ಕಿಂತ ದೊಡ್ಡ ಎಡವಟ್ಟು ಇಲ್ಲ. ಮ್ಯಾಕ್‌ಬುಕ್‌ಗಳಲ್ಲಿ ಲೆನ್ಸ್ ಬಳಿ ಬೆಳಕಿನ ಸೆನ್ಸರ್ ಇರುತ್ತದೆ, ಮುಚ್ಚಿದರೆ ಪರದೆಯ ಹೊಳಪು ತಾನಾಗಿ ಹೊಂದಿಕೊಳ್ಳುವುದು ಕೆಡುತ್ತದೆ.

ಮೂರು, ದಪ್ಪ. ಪರದೆಗೂ ಕೀಬೋರ್ಡ್‌ಗೂ ನಡುವಿನ ಸಂದು ಕೂದಲೆಳೆಯಷ್ಟು. ಲೆನ್ಸ್ ಮುಚ್ಚಲು ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಸ್ಲೈಡರ್ ಇಟ್ಟು ಲ್ಯಾಪ್‌ಟಾಪ್ ಮಡಚಿ ಒತ್ತಿದರೆ ಪರದೆ ಬಿರಿಯಬಹುದು. ಮ್ಯಾಕ್‌ಬುಕ್‌ಗೆ ಮುಚ್ಚಳ ಹಚ್ಚಲೇಬೇಕಿದ್ದರೆ ಅದು 0.1 ಮಿಲಿಮೀಟರ್, ಅಂದರೆ ಪ್ರಿಂಟರ್ ಕಾಗದದಷ್ಟು, ಅದಕ್ಕಿಂತ ದಪ್ಪ ಇರಬಾರದು ಎಂದು ಆಪಲ್ ಹೇಳಿದೆ. ವೆಲ್ವೆಟ್ ಟಿಕಳಿ ಇದಕ್ಕಿಂತ ದಪ್ಪ, ಲ್ಯಾಪ್‌ಟಾಪ್ ಮಡಚುವ ಮುನ್ನ ತೆಗೆಯಿರಿ.

ನಾಲ್ಕು, ಅಂಟು. ವೈರ್‌ಮ್ಯಾನ್‌ಗಳ ಕಪ್ಪು ಇನ್ಸುಲೇಶನ್ ಟೇಪ್ ನಮ್ಮ ಬೇಸಿಗೆಗೆ ಕರಗಿ ಲೆನ್ಸ್ ಮೇಲೆ ಗೋಂದು ಬಿಡುತ್ತದೆ, ಆಮೇಲೆ ಆ ಗೋಂದಿಗೆ ಧೂಳು ಕೂತು ಚಿತ್ರ ಶಾಶ್ವತವಾಗಿ ಮಸುಕು. ಅದೇ ಟೇಪ್ ಬೇಕಿದ್ದರೆ ಲೆನ್ಸ್ ಮೇಲೆ ಬರುವ ಭಾಗಕ್ಕೆ ಸಣ್ಣ ಕಾಗದದ ಚೂರು ಒಳಗೆ ಇಟ್ಟು ಹಚ್ಚಿ. ಟಿಕಳಿಗೂ ಇದೇ ಉಪಾಯ. ಸಂಡೂರು, ತೋರಣಗಲ್ ಕಡೆಯ ಕೆಂಪು ಧೂಳಿನಲ್ಲಿ ಅಂಟು ಬೇಗ ಬಿಡುತ್ತದೆ, ಆಗಾಗ ಬದಲಿಸುತ್ತಿರಿ.

ಯುಎಸ್‌ಬಿ ವೆಬ್‌ಕ್ಯಾಮ್ ಇದ್ದವರಿಗೆ

ಡೆಸ್ಕ್‌ಟಾಪ್‌ಗೆ ಸಿಕ್ಕಿಸಿದ ವೆಬ್‌ಕ್ಯಾಮ್ ಆದರೆ ಕಿತ್ತರೆ ಆಯಿತು ಎನ್ನಿಸುತ್ತದೆ. ಆದರೆ ಬಹಳಷ್ಟು ಡೆಸ್ಕ್‌ಟಾಪ್‌ಗಳಿಗೆ ಬೇರೆ ಮೈಕ್ ಇರುವುದೇ ಇಲ್ಲ, ವೆಬ್‌ಕ್ಯಾಮ್ ಒಳಗಿನದೇ ಮೈಕ್. ಕಿತ್ತರೆ ಮುಖದ ಜೊತೆ ಮಾತೂ ಹೋಯಿತು. ಎರಡು ದಾರಿ ಇವೆ. ವೆಬ್‌ಕ್ಯಾಮ್ ಹಾಗೇ ಬಿಟ್ಟು ಡಿವೈಸ್ ಮ್ಯಾನೇಜರ್‌ನಲ್ಲಿ ಕ್ಯಾಮೆರಾ ಸಾಲನ್ನಷ್ಟೇ ಮಲಗಿಸಿ. ಮೈಕ್ “ಆಡಿಯೊ ಇನ್‌ಪುಟ್ಸ್ ಆ್ಯಂಡ್ ಔಟ್‌ಪುಟ್ಸ್” ಎಂಬ ಬೇರೆ ಸಾಲಿನಲ್ಲಿ ಇರುವುದರಿಂದ ಅದು ನಡೆಯುತ್ತದೆ. ಇಲ್ಲವೇ ಮೈಕ್ ಇರುವ ವೈರ್ ಇಯರ್‌ಫೋನ್ ಹಾಕಿ. ಹಳೆಯ ಡೆಸ್ಕ್‌ಟಾಪ್‌ನಲ್ಲಿ ಗುಲಾಬಿ ಬಣ್ಣದ ಮೈಕ್ ತೂತು, ಹಸಿರು ಬಣ್ಣದ ಸ್ಪೀಕರ್ ತೂತು ಬೇರೆ ಬೇರೆ ಇರುತ್ತವೆ. ಫೋನಿನ ಒಂಟಿ ಪಿನ್ ಇಯರ್‌ಫೋನ್ ಅಲ್ಲಿ ಕೇಳಿಸುತ್ತದೆ, ಮಾತಾಡಿಸುವುದಿಲ್ಲ. ಒಂದನ್ನು ಎರಡಾಗಿಸುವ ಸ್ಪ್ಲಿಟರ್ ಕೇಬಲ್ ಬೇಕು.

ಪರೀಕ್ಷೆ ಮಾಡಿಕೊಳ್ಳಿ

ಸ್ಟಾರ್ಟ್ ಮೆನುವಿನ “ಕ್ಯಾಮೆರಾ” ಆ್ಯಪ್ ತೆರೆಯಿರಿ. ಚಿತ್ರ ಬಾರದೆ, ಕೊನೆಯಲ್ಲಿ 4244 ಎಂದಿರುವ ಎರರ್ ಕೋಡ್ ಬಂದರೆ ವಿಂಡೋಸ್‌ಗೆ ಕ್ಯಾಮೆರಾ ಸಿಗುತ್ತಿಲ್ಲ ಎಂದರ್ಥ, ನಿಮಗೆ ಬೇಕಾದ್ದೂ ಅದೇ. ಕಪ್ಪು ಪರದೆ ಬಂದು ದೀಪ ಹತ್ತಿದ್ದರೆ ಮುಚ್ಚಳ ಮಾತ್ರ ಕೆಲಸ ಮಾಡುತ್ತಿದೆ, ಸಾಫ್ಟ್‌ವೇರ್ ಇನ್ನೂ ತೆರೆದಿದೆ. ಆಮೇಲೆ ಸೆಟ್ಟಿಂಗ್ಸ್ → ಸಿಸ್ಟಂ → ಸೌಂಡ್‌ನಲ್ಲಿ ಇನ್‌ಪುಟ್ ಭಾಗ ನೋಡುತ್ತ ಎರಡು ಮಾತಾಡಿ. ಪಟ್ಟಿ ಏರಿಳಿದರೆ ಮೈಕ್ ಸರಿ ಇದೆ. ಕ್ಯಾಮೆರಾ ಬಂದ್ ಮಾಡಿದ ದಿನ ಮೈಕ್ ಪರೀಕ್ಷಿಸದೆ ಮೀಟಿಂಗ್‌ಗೆ ಹೋಗಬೇಡಿ.

ಕ್ಯಾಮೆರಾ ಆರಿಸಿದ ಮೇಲೆ ಆಚೆಯವರಿಗೆ ಕಾಣುವುದು ನಿಮ್ಮ ಹೆಸರು ಅಥವಾ ಪ್ರೊಫೈಲ್ ಚಿತ್ರ. ಅಲ್ಲಿ ಫೋನಿನ ಮಾಡೆಲ್ ನಂಬರೋ ಮಗನ ಹೆಸರೋ ಇರದೆ ನಿಮ್ಮ ಹೆಸರು, ಊರು ಇರಲಿ. ವಿಡಿಯೊ ಇಲ್ಲದವರನ್ನು ಮರೆಮಾಡುವ ಆಯ್ಕೆ ಝೂಮ್‌ನಲ್ಲಿ ಪ್ರತಿಯೊಬ್ಬರಿಗೂ ಇದೆ. ಹಾಜರಿ ಲೆಕ್ಕಕ್ಕೆ ಬರುವ ಮೀಟಿಂಗ್ ಆದರೆ ಶುರುವಿನಲ್ಲೇ ಒಂದು ಮಾತಾಡಿ ಗುರುತು ಕೊಟ್ಟುಬಿಡಿ. ಕ್ಯಾಮೆರಾ ಆರಿಸಿದ್ದರೂ ಸ್ಕ್ರೀನ್ ಶೇರ್ ಒತ್ತಿದರೆ ನಿಮ್ಮ ಪರದೆ ಎಲ್ಲರಿಗೂ ಕಾಣುತ್ತದೆ ಎಂಬುದನ್ನೂ ಮರೆಯಬೇಡಿ.

ಯಾವಾಗ ಹಾಕಬೇಕು, ಯಾವಾಗ ಹಾಕಲೇಬಾರದು

ಕ್ಯಾಮೆರಾ ನಿಜವಾಗಿ ಬೇಕಾಗುವ ಕಾಲ್‌ಗಳಿವೆ: ನಿಗಾ ಇಟ್ಟು ನಡೆಸುವ ಆನ್‌ಲೈನ್ ಪರೀಕ್ಷೆ, ಇ-ಸಂಜೀವಿನಿಯಲ್ಲಿ ವೈದ್ಯರಿಗೆ ಗಾಯ ತೋರಿಸುವುದು, ಹೈಕೋರ್ಟಿನ ವಿಡಿಯೊ ಕಲಾಪ. ಬಳ್ಳಾರಿ, ಕೊಪ್ಪಳದವರ ಪ್ರಕರಣಗಳು ಧಾರವಾಡ ಪೀಠಕ್ಕೆ, ರಾಯಚೂರಿನವು ಕಲಬುರಗಿ ಪೀಠಕ್ಕೆ ಹೋಗುವುದರಿಂದ ದೂರದ ಪ್ರಯಾಣ ಉಳಿಸಲು ವಿಡಿಯೊ ಮೂಲಕ ಹಾಜರಾಗುವವರು ಇದ್ದಾರೆ. ಇಂಥ ದಿನ ಅರ್ಧ ಗಂಟೆ ಮುಂಚೆಯೇ ಎಲ್ಲ ಚಿಲಕ ತೆಗೆದು ನೋಡಿಕೊಳ್ಳಿ. ಒಂದೇ ಒಂದು ಹಾಕಿದ್ದಿದ್ದರೂ ಕ್ಯಾಮೆರಾ ಏಳುವುದಿಲ್ಲ. ತೆಗೆಯುವ ಕ್ರಮ ಹೀಗಿರಲಿ: ಬಯಾಸ್ ಮುಟ್ಟಿದ್ದರೆ ಅದು, ಶಟರ್ ಅಥವಾ ಎಫ್ ಕೀ, ಡಿವೈಸ್ ಮ್ಯಾನೇಜರ್, ವಿಂಡೋಸ್ ಪ್ರೈವೆಸಿ, ಬ್ರೌಸರ್, ಕೊನೆಗೆ ಆ್ಯಪ್.

ಇನ್ನು ಹಾಕಲೇಬಾರದ ಕಾಲ್. ಪೊಲೀಸ್, ಸಿಬಿಐ, ಕಸ್ಟಮ್ಸ್ ಎಂದು ಹೇಳಿಕೊಂಡು, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ಕ್ಯಾಮೆರಾ ಹಾಕಿ, ಕದಲಬೇಡಿ, ಯಾರಿಗೂ ಹೇಳಬೇಡಿ ಎನ್ನುವವರು ಮೋಸಗಾರರು. “ಡಿಜಿಟಲ್ ಅರೆಸ್ಟ್” ಎಂಬುದು ಭಾರತದ ಯಾವ ಕಾನೂನಿನಲ್ಲೂ ಇಲ್ಲ, ವಿಡಿಯೊ ಕಾಲ್‌ನಲ್ಲಿ ಯಾವ ಇಲಾಖೆಯೂ ಯಾರನ್ನೂ ಬಂಧಿಸುವುದಿಲ್ಲ. ಅಂಥವರು ಎದುರಿನವರ ಮುಖ ನೋಡುತ್ತ ಹೆದರಿಸಿ ಕಟ್ಟಿಹಾಕಲು ಕ್ಯಾಮೆರಾ ಕೇಳುತ್ತಾರೆ. ಮನೆಯಲ್ಲಿ ಹಿರಿಯರು ಬಳಸುವ ಕಂಪ್ಯೂಟರ್ ಇದ್ದರೆ ಅದರ ಕ್ಯಾಮೆರಾವನ್ನು ಡಿವೈಸ್ ಮ್ಯಾನೇಜರ್‌ನಲ್ಲೇ ಮಲಗಿಸಿಡುವುದು ಒಳ್ಳೆಯದು. ಹಾಕಲು ಗೊತ್ತಾಗದೆ ಅವರು ಮಗನಿಗೋ ಮಗಳಿಗೋ ಫೋನ್ ಮಾಡುವಷ್ಟು ಹೊತ್ತು ಸಿಕ್ಕರೆ ಹಣ ಉಳಿಯುತ್ತದೆ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಖಾತೆಯಿಂದ ಖಾತೆಗೆ ಜಾರುವ ಹಣವನ್ನು ಬ್ಯಾಂಕ್ ತಡೆಹಿಡಿಯುವ ಸಾಧ್ಯತೆ ಹೆಚ್ಚು.